ಎಷ್ಟು ಜಿಬಿ ಸಾಕು?

ಹೊಸ ಕ್ಯಾಮೆರಾ ಕೊಂಡವರೆಲ್ಲ ಅಂಗಡಿಯಲ್ಲಿ ನಿಂತು ಕೇಳೋ ಪ್ರಶ್ನೆ ಒಂದೇ: ಮೆಮೊರಿ ಕಾರ್ಡು ಎಷ್ಟು ಜಿಬಿದು ತಗೊಳ್ಳಲಿ? ಅಂಗಡಿಯವರ ಉತ್ತರವೂ ಒಂದೇ: ದೊಡ್ಡದೇ ತಗೊಳ್ಳಿ ಸಾರ್, ತಲೆನೋವಿರಲ್ಲ. ಈ ಪ್ರಶ್ನೆಗೆ ನೂರಮೂವತ್ತು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ ಅಂದ್ರೆ ನಂಬ್ತೀರಾ? ಜಿಬಿ ಅನ್ನೋ ಮಾತೇ ಇಲ್ಲದ ಕಾಲದಲ್ಲಿ ಜನ ಇದನ್ನೇ ಬೇರೆ ರೀತಿ ಕೇಳ್ತಿದ್ರು: ಒಂದು ಸಲ ತುಂಬಿಸಿದರೆ ಎಷ್ಟು ಫೋಟೋ ಬರುತ್ತೆ?

1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಮಾರುಕಟ್ಟೆಗೆ ತಂದ ಮೊದಲ ಕೊಡಕ್ ಕ್ಯಾಮೆರಾದಲ್ಲಿ 100 ಫೋಟೋಗಳ ರೋಲ್ ಇರ್ತಿತ್ತು. ಬೆಲೆ 25 ಡಾಲರ್. ನೂರೂ ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಬೇಕಿತ್ತು. ಅವರು ಫೋಟೋ ತೊಳೆದು, ಹೊಸ ರೋಲ್ ತುಂಬಿಸಿ ವಾಪಸ್ ಕಳಿಸ್ತಿದ್ರು. ಕ್ಯಾಮೆರಾ ದಾರಿಯಲ್ಲಿ ಕಳೆದುಹೋದರೆ ನೂರೂ ಹೋದಂತೆಯೇ. 1900ರಲ್ಲಿ ಅದೇ ಕಂಪನಿ ಬ್ರೌನಿ ಅನ್ನೋ ಪುಟ್ಟ ಡಬ್ಬಿ ಕ್ಯಾಮೆರಾ ತಂದಿತು. ಬೆಲೆ 1 ಡಾಲರ್, ಫಿಲ್ಮಿನಲ್ಲಿ 6 ಫೋಟೋ ಮಾತ್ರ. ಆದರೂ ಮೊದಲ ವರ್ಷವೇ ಲಕ್ಷಕ್ಕೂ ಮೀರಿ ಖರ್ಚಾಯಿತು. ಸಾಮಾನ್ಯ ಜನಕ್ಕೆ ಆರು ಫೋಟೋ ಸಾಕಾಗಿತ್ತು, ನೋಡಿ.

ಆಮೇಲೆ 35 ಎಂಎಂ ಫಿಲ್ಮ್ ಬಂತು. 1934ರಲ್ಲಿ ಕೊಡಕ್ ಅದನ್ನು ಸಲೀಸಾಗಿ ಕ್ಯಾಮೆರಾಗೆ ಹಾಕುವಂಥ ಡಬ್ಬಿಯಲ್ಲಿ ಕೊಟ್ಟ ಮೇಲೆ ಅದು ಲೋಕದ ತುಂಬ ಹರಡಿತು. 36 ಅನ್ನೋದು ರೂಢಿಯ ಸಂಖ್ಯೆಯಾಯಿತು. ನಮ್ಮ ಅಪ್ಪ, ಚಿಕ್ಕಪ್ಪಂದಿರ ಲೆಕ್ಕ ನೆನಪಿದೆಯಲ್ಲ? ಒಂದು ರೀಲಿಗೆ 36, ಕೈ ಪಳಗಿದ್ದರೆ 37. ನಾಮಕರಣಕ್ಕೆ ಹತ್ತು ಖರ್ಚಾಗಿ ಉಳಿದವು ಮುಂದಿನ ಜಾತ್ರೆಗೋ ಪ್ರವಾಸಕ್ಕೋ ಕಾಯ್ತಾ ಕೂತಿರ್ತಿದ್ವು.

ಈ ಸಂಖ್ಯೆ ಎಷ್ಟು ಗಟ್ಟಿಯಾಗಿ ಬೇರೂರಿತ್ತು ಅಂದ್ರೆ, ಡಿಜಿಟಲ್ ಕ್ಯಾಮೆರಾ ಹುಟ್ಟಿದಾಗಲೂ ಬಿಡಲಿಲ್ಲ. 1975ರಲ್ಲಿ ಕೊಡಕ್‌ನ ಯುವ ಎಂಜಿನಿಯರ್ ಸ್ಟೀವನ್ ಸಾಸನ್ ಕಟ್ಟಿದ ಯಂತ್ರ ಸುಮಾರು 3.6 ಕೆಜಿ ತೂಗ್ತಿತ್ತು. 10,000 ಪಿಕ್ಸೆಲ್‌ಗಳ ಕಪ್ಪು ಬಿಳುಪು ಚಿತ್ರವೊಂದನ್ನು ಕ್ಯಾಸೆಟ್ ಟೇಪಿಗೆ ಬರೆಯೋಕೆ 23 ಸೆಕೆಂಡ್ ಹಿಡೀತಿತ್ತು. ಒಂದು ಕ್ಯಾಸೆಟ್ಟಿಗೆ ಎಷ್ಟು ಫೋಟೋ? ಸಾಸನ್ ಆರಿಸಿದ್ದು 30. ಯಾಕೆ? ಫಿಲ್ಮ್ ರೋಲ್‌ಗಳು 24 ಮತ್ತು 36ರಲ್ಲಿ ಸಿಗ್ತಿದ್ವು. 30 ಅವುಗಳ ನಡುವಿನ ಸಂಖ್ಯೆ. ಅಂದ್ರೆ ಡಿಜಿಟಲ್ ಲೋಕದ ಮೊದಲ 'ಕಾರ್ಡ್ ಸೈಜ್' ತೀರ್ಮಾನವಾಗಿದ್ದು ಮನುಷ್ಯರ ಅಭ್ಯಾಸ ನೋಡಿ.

ಮುಂದಿನ ಹೆಜ್ಜೆ ಜಪಾನಿನದು. 1988ರಲ್ಲಿ ಫ್ಯೂಜಿ ತೋರಿಸಿದ ಡಿಎಸ್-1ಪಿ ಕ್ಯಾಮೆರಾದ 2 ಎಂಬಿ ಕಾರ್ಡಿಗೆ 5ರಿಂದ 10 ಫೋಟೋ ಹಿಡಿಸ್ತಿತ್ತು. ಆದರೆ ಆ ಕಾರ್ಡಿಗೆ ಬ್ಯಾಟರಿಯ ಆಸರೆ ಬೇಕು. ಬ್ಯಾಟರಿ ಸತ್ತರೆ ಫೋಟೋಗಳೂ ಸತ್ತವು. ಇದಕ್ಕೆ ಪರಿಹಾರ ಅದಾಗಲೇ ತಯಾರಾಗ್ತಿತ್ತು. ತೋಶಿಬಾದ ಫ್ಯೂಜಿಯೋ ಮಸುವೋಕಾ 1984ರಲ್ಲಿ ಜಗತ್ತಿನ ಮುಂದಿಟ್ಟ ಫ್ಲ್ಯಾಶ್ ಮೆಮೊರಿ, ಕರೆಂಟ್ ಇಲ್ಲದಿದ್ದರೂ ಮಾಹಿತಿಯನ್ನು ಹಿಡಿದಿಟ್ಟುಕೊಳ್ಳುತ್ತೆ. ಒಂದಿಡೀ ಭಾಗ ಒಂದೇ ಏಟಿಗೆ ಅಳಿಸಿಹೋಗೋದನ್ನು ನೋಡಿ ಸಹೋದ್ಯೋಗಿಯೊಬ್ಬರಿಗೆ ಕ್ಯಾಮೆರಾದ ಫ್ಲ್ಯಾಶ್ ನೆನಪಾಯಿತಂತೆ. ಹೆಸರು ಬಂದಿದ್ದು ಹಾಗೆ. ಹೆಸರಿನಲ್ಲೇ ಎಚ್ಚರಿಕೆಯೂ ಇದೆ, ಅಲ್ವಾ?

ಮುಂದೆ ಕಾಂಪ್ಯಾಕ್ಟ್‌ಫ್ಲ್ಯಾಶ್, ಸ್ಮಾರ್ಟ್‌ಮೀಡಿಯಾ, ಮೆಮೊರಿ ಸ್ಟಿಕ್ ಅಂತ ಒಬ್ಬೊಬ್ಬರದು ಒಂದೊಂದು ಆಕಾರ. 1999ರಲ್ಲಿ ಪ್ಯಾನಾಸಾನಿಕ್, ಸ್ಯಾನ್‌ಡಿಸ್ಕ್, ತೋಶಿಬಾ ಕೂಡಿ ಎಸ್‌ಡಿ ಕಾರ್ಡ್ ಘೋಷಿಸಿದವು. ಅದರ ಮಿತಿ 2 ಜಿಬಿ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿಗೆ ಏರಿಸಿತು, 2009ರ ಎಸ್‌ಡಿಎಕ್ಸ್‌ಸಿ 2 ಟಿಬಿಗೆ. ಮೂರೂ ನೋಡೋಕೆ ಒಂದೇ ಥರ. ಆದರೆ ಹಳೆ ಕ್ಯಾಮೆರಾ ಹೊಸ ಕಾರ್ಡನ್ನು ಗುರುತಿಸದೇ ಇರಬಹುದು. ಆದ್ದರಿಂದ ಜಿಬಿ ನೋಡುವ ಮೊದಲು ಕಾರ್ಡಿನ ಮೇಲಿನ ಈ ಅಕ್ಷರ ನೋಡಿ.

ಈಗ ನಮ್ಮ ಲೆಕ್ಕ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಜೆಪೆಗ್ ಸುಮಾರು 10 ಎಂಬಿ, ರಾ ಫೈಲು 25ರಿಂದ 30 ಎಂಬಿ ಅಂದುಕೊಳ್ಳಿ. 64 ಜಿಬಿ ಕಾರ್ಡಿಗೆ ಆರು ಸಾವಿರ ಜೆಪೆಗ್, ಇಲ್ಲವೇ ಎರಡು ಸಾವಿರಕ್ಕೂ ಹೆಚ್ಚು ರಾ ಹಿಡಿಸುತ್ತೆ. ಎರಡು ಸಾವಿರ ಅಂದ್ರೆ ಐವತ್ತಕ್ಕೂ ಹೆಚ್ಚು ರೀಲು! ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೋ ಆದರೆ ಮಾತ್ರ ಒಂದೂವರೆ ಗಂಟೆಯೊಳಗೇ ಕಾರ್ಡು ತುಂಬುತ್ತೆ. ವಿಡಿಯೋ ಮಾಡೋರಿಗೆ ದೊಡ್ಡ ಕಾರ್ಡು ಬೇಕೇ ಬೇಕು.

ಫೋಟೋ ಮಾತ್ರ ತೆಗೆಯೋರಿಗೆ ಈಗ ಜಾಗ ದೊಡ್ಡ ಸಮಸ್ಯೆಯಲ್ಲ. 36ರ ಕಾಲದಲ್ಲಿ ಒಂದು ರೀಲು ಬೆಳಕಿಗೆ ಬಿದ್ದು ಹಾಳಾದರೆ ಮದುವೆಯ ಒಂದು ಭಾಗ ಹೋಗ್ತಿತ್ತು. ಮುಹೂರ್ತ ಹೋದರೂ ಆರತಕ್ಷತೆ ಉಳೀತಿತ್ತು. 256 ಜಿಬಿಯ ಒಂದೇ ಕಾರ್ಡು ಕೆಟ್ಟರೆ ಚಪ್ಪರದಿಂದ ಬೀಗರೂಟದವರೆಗೆ ಎಲ್ಲವೂ ಒಟ್ಟಿಗೇ ಹೋಗುತ್ತೆ, ಥೇಟ್ 1888ರ ನೂರು ಫೋಟೋ ಹೋದ ಹಾಗೆ. ಅದಕ್ಕೇ 128 ಜಿಬಿಯ ಒಂದರ ಬದಲು 64ರ ಎರಡು ತಗೊಳ್ಳಿ. ಮುಹೂರ್ತ ಮುಗಿದ ಕೂಡಲೇ ಕಾರ್ಡು ಬದಲಿಸಿ. ಫ್ಲ್ಯಾಶ್ ಮೆಮೊರಿ ಹಿಡಿದಿಡೋದು ವಿದ್ಯುತ್ ಆವೇಶವನ್ನ, ವರ್ಷಗಳು ಕಳೆದ ಹಾಗೆ ಅದು ನಿಧಾನಕ್ಕೆ ಸೋರುತ್ತೆ. ಕಾರ್ಡನ್ನೇ ಆಲ್ಬಮ್ ಮಾಡ್ಕೋಬೇಡಿ. ಮನೆಗೆ ಬಂದ ರಾತ್ರಿಯೇ ಎರಡು ಕಡೆ ಕಾಪಿ ಮಾಡಿಟ್ಟು, ಆಮೇಲೆ ಮಲಗಿ.