ಪ್ರಾಥಮಿಕ ಶಾಲೆಯ ನಿಯಮಗಳು ಮತ್ತು ಪಾಲಕರ ಹೊಣೆ: ಕೊಪ್ಪಳ ಜಿಲ್ಲೆ

ಕೊಪ್ಪಳ ಜಿಲ್ಲೆಯ ಒಂದರಿಂದ ಎಂಟನೆಯ ತರಗತಿವರೆಗಿನ ಶಾಲೆಗಳಲ್ಲಿ ಮಕ್ಕಳಿಗೂ ಅವರ ಮನೆಯವರಿಗೂ ಅನ್ವಯಿಸುವ ಕಾಯಿದೆ, ಸುತ್ತೋಲೆ ಮತ್ತು ರೂಢಿಗಳನ್ನು ಈ ಲೇಖನ ವಿವರಿಸುತ್ತದೆ. 1997ರ ಆಗಸ್ಟ್ 24ರಂದು ರಾಯಚೂರಿನಿಂದ ಬೇರೆಯಾದಾಗ ಜಿಲ್ಲೆಯಲ್ಲಿದ್ದವು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು. ಮುಂದೆ ಕುಕನೂರು, ಕಾರಟಗಿ, ಕನಕಗಿರಿಗಳೂ ತಾಲ್ಲೂಕುಗಳಾದವು. ಶಾಲೆಗಳ ಆಡಳಿತ ಮಾತ್ರ ಬಹುಮಟ್ಟಿಗೆ ಹಳೆಯ ನಾಲ್ಕು ವಲಯಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೂಲಕವೇ ನಡೆದುಬಂದಿದೆ. ನಿಯಮಗಳು ಇಡೀ ರಾಜ್ಯಕ್ಕೆ ಒಂದೇ. ಊರಿನ ಮಟ್ಟದಲ್ಲಿ ಅವು ಎಷ್ಟು ನಡೆಯುತ್ತವೆ ಎಂಬುದು ಮಾತ್ರ ಮಳೆ, ಕಾಲುವೆಯ ನೀರು ಮತ್ತು ಕೂಲಿ ಅರಸಿ ಊರು ಬಿಡುವ ಗುಳೆಯ ಮೇಲೆ ನಿಂತಿದೆ. ಈ ಕಾರಣಕ್ಕೆ ಇಲ್ಲಿ ಹಾಜರಾತಿಗೆ ಹೆಚ್ಚು ಜಾಗ ಕೊಡಲಾಗಿದೆ.

ಹಿನ್ನೆಲೆ

ಸರ್ಕಾರಿ ಶಾಲೆಗಳು ಬರುವ ಮೊದಲು ಈ ಭಾಗದಲ್ಲಿದ್ದದ್ದು ಐಗಳ ಮಠಗಳು ಮತ್ತು ಗಾಂವಠಿ ಶಾಲೆಗಳು. ಗುಡಿಯ ಪೌಳಿಯಲ್ಲೋ ಮಠದ ಪಡಸಾಲೆಯಲ್ಲೋ ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಿಸಲಾಗುತ್ತಿತ್ತು. ಮುಂದಿನ ಪಾಠ ಕಾಲು, ಅರೆ, ಮುಕ್ಕಾಲಿನ ಮಗ್ಗಿ. ವಾರದ ರಜೆ ಎಂಬುದಿರಲಿಲ್ಲ, ಅಮಾವಾಸ್ಯೆ ಹುಣ್ಣಿಮೆಗೆ ಸೂಟಿ. ಐಗಳಿಗೆ ಸಲ್ಲಬೇಕಾದದ್ದು ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಸಲ್ಲುತ್ತಿತ್ತು. ಮನೆಯವರಿಂದ ಇದಕ್ಕಿಂತ ಹೆಚ್ಚಿನದನ್ನು ಯಾರೂ ನಿರೀಕ್ಷಿಸುತ್ತಿರಲಿಲ್ಲ. ಗೈರಾದ ಹುಡುಗನನ್ನು ಹಿಡಿದು ತರಲು ನಾಲ್ಕಾರು ದೊಡ್ಡ ಹುಡುಗರು ಹೋಗುವರು, ಬಾರದಿದ್ದರೆ ಕೈಕಾಲು ಹಿಡಿದು ಹೊತ್ತು ತರುವರು. ತೊಲೆಗೆ ಕಟ್ಟಿದ ಹಗ್ಗ ಹಿಡಿಸಿ ತೂಗುಬಿಡುವ ಕೋದಂಡ ಶಿಕ್ಷೆ ಉತ್ತರ ಕರ್ನಾಟಕದ ಹಿರಿಯರ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಾಜರಾತಿ ಆಗ ಪೂರಾ ಮಠದ ಹೊಣೆ ಎಂಬುದನ್ನು ಗಮನಿಸಬೇಕು.

ಈ ಪ್ರದೇಶವು 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಾಗೀರು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆ ಉರ್ದು. ಅದರ ಒತ್ತಡ ಕೆಳಗಿನ ತರಗತಿಗಳವರೆಗೂ ಇಳಿಯಿತು. ಕನ್ನಡದ ಓದು ಆರಂಭದ ಇಯತ್ತೆಗಳಿಗೆ ಸೀಮಿತವಾಗಿ, ಮುಂದೆ ಓದಬೇಕಾದವರು ಉರ್ದು ಕಲಿಯಲೇಬೇಕಾಯಿತು. ಖಾಸಗಿ ಶಾಲೆ ತೆರೆಯಲು ಸರ್ಕಾರದ ಪರವಾನಗಿ ಬೇಕಿತ್ತು, ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. ಶಾಲೆಗೂ ಕಚೇರಿಗೂ ಶುಕ್ರವಾರ ರಜೆ. ಲೆಕ್ಕವೆಲ್ಲ ಫಸಲಿ ವರ್ಷದ್ದು. ಇಂಥ ಹೊತ್ತಿನಲ್ಲಿ, 1922ರಲ್ಲಿ, ಕುಕನೂರಿನಲ್ಲಿ ಆರಂಭವಾದ ವಿದ್ಯಾನಂದ ಗುರುಕುಲವು ಈ ಭಾಗದ ಶಿಕ್ಷಣ ಚರಿತ್ರೆಯಲ್ಲಿ ಮುಖ್ಯ ಘಟ್ಟ. ಅಕ್ಷರದ ಜೊತೆಗೆ ರಾಷ್ಟ್ರೀಯ ಭಾವನೆಯನ್ನೂ ಕಲಿಸಿದ ಶಾಲೆ ಅದು. ಅನುಕೂಲವಿದ್ದವರು ಗಡಿ ದಾಟಿ ಮುಂಬಯಿ ಪ್ರಾಂತ್ಯದ ಗಜೇಂದ್ರಗಡ, ಗದಗ, ಧಾರವಾಡಗಳಿಗೆ ಮಕ್ಕಳನ್ನು ಕಳಿಸಿದರು. ಇನ್ನು ಕೆಲವರು ಉರ್ದುವಿನಲ್ಲೇ ಓದಿ ಗೆದ್ದರು. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿ, ಆಡಳಿತ ಸೇವೆ ಸೇರಿ, ಕನ್ನಡದ ಕವಿಯಾಗಿ, ಮಕ್ಕಳಿಗಾಗಿಯೂ ಬರೆದರು. 1947–48ರಲ್ಲಿ ರಜಾಕಾರರ ಹಾವಳಿಗೆ ಗಡಿಯ ಹಳ್ಳಿಗಳ ಕುಟುಂಬಗಳು ಊರು ಬಿಟ್ಟು ಮುಂಡರಗಿ, ಗಜೇಂದ್ರಗಡಗಳ ಕಡೆ ಹೋದವು.

ಈ ಚರಿತ್ರೆಯ ಒಂದು ಗುರುತು ಇಂದಿಗೂ ಶಾಲಾ ನಿಯಮದೊಳಗಿದೆ. ರಾಜ್ಯದ ಉಳಿದ ಭಾಗದ ಮಕ್ಕಳಿಗಿಲ್ಲದ ಒಂದು ಧ್ವಜಾರೋಹಣ ಇಲ್ಲಿನ ಮಕ್ಕಳಿಗಿದೆ. ಸೆಪ್ಟೆಂಬರ್ 17ರಂದು ಸಮವಸ್ತ್ರದಲ್ಲಿ ಶಾಲೆಗೆ ಬರಬೇಕು. ಹಿಂದೆ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆಂದು ಕರೆಯುತ್ತಿದ್ದ ಇದನ್ನು 2019ರಲ್ಲಿ ಪ್ರದೇಶದ ಹೆಸರು ಬದಲಾದ ಮೇಲೆ ಕಲ್ಯಾಣ ಕರ್ನಾಟಕ ಉತ್ಸವ ದಿನವೆಂದು ಆಚರಿಸಲಾಗುತ್ತಿದೆ.

ಕಾಯಿದೆಗಳು

1956ರ ಏಕೀಕರಣದ ನಂತರ ಬಂದ 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಅಧಿನಿಯಮವು ಹೊಣೆಯನ್ನು ಪಾಲಕರ ಮೇಲೆ ಸ್ಪಷ್ಟವಾಗಿ ಹೊರಿಸಿತು. ಮಗುವನ್ನು ಕಳಿಸದ ಪಾಲಕರಿಗೆ ಹಾಜರಾತಿ ಆದೇಶ, ಅದಕ್ಕೂ ಮಣಿಯದಿದ್ದರೆ ದಂಡ ಎಂಬುದು ಅದರ ಚೌಕಟ್ಟು. ಕೂಲಿಗೆ ಹೋಗುವ ಮನೆಗಳಿಗೆ ದಂಡ ಹಾಕಿ ವಸೂಲಿ ಮಾಡುವುದು ಕಾಗದದ ಮೇಲಷ್ಟೇ ಸಾಧ್ಯವಿದ್ದ ಮಾತು. ಕರ್ನಾಟಕ ಶಿಕ್ಷಣ ಕಾಯಿದೆ, 1983 ಜಾರಿಗೆ ಬಂದದ್ದು 1995ರಲ್ಲಿ. 2002ರ ಸಂವಿಧಾನ ತಿದ್ದುಪಡಿ 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಅದೇ ತಿದ್ದುಪಡಿ ಆ ವಯಸ್ಸಿನ ಮಕ್ಕಳನ್ನು ಓದಿಸುವುದನ್ನು ಪಾಲಕರ ಮೂಲಭೂತ ಕರ್ತವ್ಯಗಳ ಪಟ್ಟಿಗೂ ಸೇರಿಸಿತು.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಪಾಲಕರ ಕರ್ತವ್ಯದ ಬಗ್ಗೆ 10ನೇ ಕಲಮು ಇದೆ, ಆದರೆ ಅದಕ್ಕೆ ದಂಡವಿಲ್ಲ. ತಪ್ಪಿಗೆ ಉತ್ತರ ಹೇಳಬೇಕಾದವರು ಹೆಚ್ಚಾಗಿ ಶಾಲೆ ಮತ್ತು ಸರ್ಕಾರ. ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನ, ವಂತಿಗೆ ಕೂಡದು. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ವಾಪಸ್ ಕಳಿಸಬಾರದು. 17ನೇ ಕಲಮಿನ ಪ್ರಕಾರ ಹೊಡೆಯುವುದೂ ಮನಸ್ಸು ನೋಯುವಂತೆ ಹಂಗಿಸುವುದೂ ನಿಷಿದ್ಧ. ವರ್ಷಕ್ಕೆ ಐದನೆಯ ತರಗತಿವರೆಗೆ ಕನಿಷ್ಠ 200, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು. "ನಾಲ್ಕು ಬಿಗೀರ್ರಿ, ಕಲೀಲಿ" ಎಂದು ಮಾಸ್ತರರಿಗೆ ಹೇಳಿಹೋಗುವ ಪಾಲಕರು ಇನ್ನೂ ಇದ್ದಾರೆ. ಕಾಯಿದೆಯ ದೃಷ್ಟಿಯಲ್ಲಿ ಅಂಥ ಒಪ್ಪಿಗೆಗೆ ಬೆಲೆಯಿಲ್ಲ.

ಹಾಜರಾತಿ ಮತ್ತು ಗುಳೆ

ಕುಷ್ಟಗಿ ಮತ್ತು ಯಲಬುರ್ಗಾ ಮಳೆಯನ್ನೇ ನಂಬಿದ ಎರೆ, ಮಸಾರಿ ಸೀಮೆ. ಗಂಗಾವತಿ, ಕಾರಟಗಿ ಭಾಗ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಒಂದೇ ಜಿಲ್ಲೆಯೊಳಗೆ ಹಾಜರಿ ಪುಸ್ತಕ ಎರಡು ಬಗೆಯಲ್ಲಿ ಖಾಲಿಯಾಗುತ್ತದೆ. ನೀರಾವರಿ ಊರುಗಳಲ್ಲಿ ನಾಟಿ ಮತ್ತು ಕೊಯ್ಲಿನ ದಿನಗಳಲ್ಲಿ ಚಿಕ್ಕಂದಿರನ್ನು ನೋಡಿಕೊಳ್ಳಲು ದೊಡ್ಡ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಗೈರು ಬಿಡಿ ಬಿಡಿಯಾಗಿ, ಎರಡು ದಿನ, ಮೂರು ದಿನ. ಒಣಬೇಸಾಯದ ಊರುಗಳಲ್ಲಿ ಹಿಂಗಾರಿ ಕೈಕೊಟ್ಟ ವರ್ಷ ಮನೆಗೆ ಮನೆಯೇ ಬೆಂಗಳೂರು, ಮಂಗಳೂರು, ಗೋವಾಗಳಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತದೆ. ಮಗುವಿನ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರಿನ ಗುರುತು ಬೀಳುತ್ತದೆ. ಊರಿನ ಜಾತ್ರೆಗೋ ಯುಗಾದಿಗೋ ಕುಟುಂಬ ಮರಳಿದಾಗ ಶಾಲಾ ವರ್ಷ ಮುಗಿಯುತ್ತ ಬಂದಿರುತ್ತದೆ. ಮೂರನೆಯ ಬಗೆಯೂ ಒಂದಿದೆ. ಹತ್ತಿ ಮತ್ತು ತರಕಾರಿಯ ಹೈಬ್ರಿಡ್ ಬೀಜೋತ್ಪಾದನೆಯ ಹೊಲಗಳಲ್ಲಿ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸುವ ಕ್ರಾಸಿಂಗ್ ಕೆಲಸ ಬೆಳಗಿನ ಹೊತ್ತೇ ಆಗಬೇಕು. ಗಿಡದ ಎತ್ತರ ಕಡಿಮೆ, ಬೆರಳು ನಾಜೂಕಾಗಿರಬೇಕು ಎಂಬ ಕಾರಣ ಹೇಳಿ ಮಕ್ಕಳನ್ನು ಕರೆದೊಯ್ಯುತ್ತಿದ್ದರು. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯ ನಂತರ 14 ವರ್ಷದೊಳಗಿನವರಿಂದ ಇಂಥ ಕೂಲಿ ಕೆಲಸ ಮಾಡಿಸುವುದು ಅಪರಾಧ. ಶಾಲೆಯ ಹೊತ್ತಿನ ಹೊರಗೆ ಸ್ವಂತ ಕುಟುಂಬಕ್ಕೆ ಕೈಜೋಡಿಸುವುದಕ್ಕೆ ಮಾತ್ರ ವಿನಾಯಿತಿ ಇದೆ. ಆ ವಿನಾಯಿತಿಯ ಗಡಿ ಹೊಲದಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಶಾಲೆಬಿಟ್ಟ ಮಕ್ಕಳ ಕುರಿತು ಕರ್ನಾಟಕ ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡದ್ದು ಈ ವಿಷಯದಲ್ಲಿ ತಿರುವು. ಅದರ ಪರಿಣಾಮವಾಗಿ ರಾಜ್ಯದ ನಿಯಮಗಳು ಬಿಗಿಯಾದವು. ಸಕಾರಣವಿಲ್ಲದೆ ಸತತ ಏಳು ದಿನ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಎಂದೇ ಎಣಿಸಬೇಕು. ಗೈರಿನ ಆರಂಭದಲ್ಲೇ ಶಿಕ್ಷಕರು ಮನೆಗೆ ಹೋಗಿ ಕೇಳಬೇಕು. ಆಮೇಲೆ ಹಾಜರಾತಿ ಅಧಿಕಾರಿಯ ಸರದಿ. ಏಳು ದಿನದ ಈ ಲೆಕ್ಕ ಬಿಡಿ ಗೈರನ್ನು ಹಿಡಿಯುವುದಿಲ್ಲ. ವಾರಕ್ಕೆ ಎರಡು ದಿನ ತಪ್ಪಿಸುವ ಹುಡುಗಿ ವರ್ಷವಿಡೀ ತಪ್ಪಿಸಿದರೂ ನಿಯಮದ ಕಣ್ಣಿಗೆ ಬೀಳಲಾರಳು. ಗುಳೆಯ ಮಕ್ಕಳಿಗಾಗಿ ಟೆಂಟ್ ಶಾಲೆ, ಋತುಮಾನದ ವಸತಿ ಕೇಂದ್ರಗಳು ಬಂದಿವೆ. ಅಜ್ಜ ಅಜ್ಜಿಯರ ಬಳಿ ಮಗುವನ್ನು ಬಿಟ್ಟುಹೋಗುವ ಹಳೆಯ ಏರ್ಪಾಡೇ ಇವೆಲ್ಲಕ್ಕಿಂತ ಹೆಚ್ಚು ಮಕ್ಕಳನ್ನು ಶಾಲೆಯಲ್ಲಿ ಉಳಿಸಿದೆ ಎಂದು ಕಾಣುತ್ತದೆ.

2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ. 68.09, ಪುರುಷರದು 78.54, ಮಹಿಳೆಯರದು 57.55. ಪಾಲಕರ ಸಭೆಗೆ ಬರುವವರು ಹೆಚ್ಚಾಗಿ ತಾಯಂದಿರು ಎಂಬುದನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು. ಮನೆಗೆ ಕಳಿಸಿದ ಚೀಟಿಯನ್ನು ಓದಿ ಹೇಳುವುದು ಎಷ್ಟೋ ಕಡೆ ಮಗುವೇ.

ದಿನಚರಿ ಮತ್ತು ತರಗತಿ

ಪ್ರಾರ್ಥನೆ, ನಾಡಗೀತೆ, 2023ರಿಂದ ಸಂವಿಧಾನದ ಪ್ರಸ್ತಾವನೆಯ ಓದು. ಶನಿವಾರ ಬೆಳಗಿನ ಶಾಲೆ. ಸರ್ಕಾರಿ ಶಾಲೆಗಳಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಬೂಟು ಉಚಿತ. 2019ರ ಸುತ್ತೋಲೆಯಂತೆ ಒಂದು ಮತ್ತು ಎರಡನೆಯ ತರಗತಿಗೆ ಮನೆಗೆಲಸ ಕೊಡುವಂತಿಲ್ಲ, ಅವರ ಪಾಟಿಚೀಲ ಎರಡು ಕಿಲೋ ಮೀರುವಂತಿಲ್ಲ.

ಮೊದಲ ಮೂರು ತರಗತಿಗಳ ನಲಿ-ಕಲಿ ಪದ್ಧತಿಯಲ್ಲಿ ಪಾಲಕರ ನಿರೀಕ್ಷೆಗೂ ಶಾಲೆಯ ನಿಯಮಕ್ಕೂ ನಡುವೆ ದೊಡ್ಡ ಅಂತರವಿದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾಗಿ 2009–10ರಿಂದ ರಾಜ್ಯವ್ಯಾಪಿಯಾದ ಇದರಲ್ಲಿ ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಶಿಕ್ಷಕರ ಸಂಪೂರ್ಣ ಬೆಂಬಲ, ಭಾಗಶಃ ಬೆಂಬಲ, ಸಹಪಾಠಿಗಳ ಸಂಪೂರ್ಣ ಬೆಂಬಲ, ಭಾಗಶಃ ಬೆಂಬಲ, ಸ್ವಕಲಿಕೆ ಎಂದು ಗುಂಪುಗಳು ಐದು, ಇವಕ್ಕೆ ತಟ್ಟೆ ಎಂದು ಹೆಸರು. ಮಗು ಕಲಿಕಾ ಏಣಿಯ ಮೇಲೆ ತನ್ನ ಮೆಟ್ಟಿಲನ್ನು ನೋಡಿ, ಕಾರ್ಡು ತಾನೇ ತೆಗೆದುಕೊಂಡು, ತನ್ನ ತಟ್ಟೆಗೆ ಹೋಗುತ್ತದೆ. ವಾರಗಟ್ಟಲೆ ಗೈರಾಗಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಗುಳೆಯ ಜಿಲ್ಲೆಗೆ ಇದರಷ್ಟು ಹೊಂದುವ ಪದ್ಧತಿ ಬೇರೊಂದಿಲ್ಲ. ಆದರೆ ಸಾಲಾಗಿ ಕೂತು ಕಾಪಿ ಬರೆಯುವುದೇ ಓದು ಎಂದು ನಂಬಿದ ಮನೆಯವರಿಗೆ ಇದು ಆಟದಂತೆ ಕಂಡಿತು. ಖಾಸಗಿ ಕಾನ್ವೆಂಟಿನ ಹಳದಿ ಬಸ್ಸು ಊರೊಳಗೆ ಬರತೊಡಗಿದ ಮೇಲೆ ಈ ಅಸಮಾಧಾನಕ್ಕೆ ದಾರಿಯೂ ಸಿಕ್ಕಿತು.

ಊಟ

ಮಧ್ಯಾಹ್ನದ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ಉಳಿದ ಜಿಲ್ಲೆಗಳಿಗೆ ಅದು ಆಮೇಲೆ ಹೋಯಿತು. ಕೈ ತೊಳೆದು ಸಾಲಾಗಿ ಕೂರುವುದು, ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುವುದು, ಬಡಿಸುವ ಮೊದಲು ದೊಡ್ಡವರು ರುಚಿ ನೋಡುವುದು ನಿಯಮ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದಡಿ 150 ಮಿ.ಲೀ. ಹಾಲು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು ಮೊಟ್ಟೆ ಬೇಕೇ ಬೇಕು ಎಂದು ಮಠಾಧೀಶರಿಗೇ ಸವಾಲು ಹಾಕಿದ ವಿಡಿಯೊ ನಾಡೆಲ್ಲ ಹರಡಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಎಂದಾಯಿತು, ಆಯ್ಕೆ ಮನೆಯವರದು.

ಎಸ್‌ಡಿಎಂಸಿ

ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ, 2001ರ ಏಪ್ರಿಲ್ 28ರ ಆದೇಶದಿಂದ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಹುಟ್ಟಿದವು. ಅಧ್ಯಕ್ಷರು ಆ ಶಾಲೆಯಲ್ಲಿ ಓದುವ ಮಗುವಿನ ಪಾಲಕರೇ ಆಗಿರಬೇಕು, ಮುಖ್ಯಶಿಕ್ಷಕರು ಕಾರ್ಯದರ್ಶಿ. ಶಿಕ್ಷಣ ಹಕ್ಕು ಕಾಯಿದೆ ಮುಕ್ಕಾಲು ಪಾಲು ಸದಸ್ಯರು ಪಾಲಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ಚುನಾವಣೆ ಊರ ರಾಜಕೀಯದ ನೆರಳಲ್ಲಿ ನಡೆಯುವುದುಂಟು. ಆದರೂ ಗೈರಾದ ಮಗುವಿನ ಮನೆಗೆ ಮಾಸ್ತರರೊಬ್ಬರೇ ಹೋಗುವುದಕ್ಕಿಂತ ಸಮಿತಿಯ ಹೆಣ್ಣುಮಗಳೊಬ್ಬಳು ಜೊತೆಗಿದ್ದರೆ ಕೆಲಸ ಸಲೀಸು.

ದಾಖಲೆ

ಒಂದನೆಯ ತರಗತಿಗೆ ಸೇರಿಸಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮ 2025–26ರಿಂದ ಜಾರಿಯಾಗಬೇಕಿತ್ತು. ಆ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ಹಳೆಯ ದಾಖಲಾತಿ ಪುಸ್ತಕಗಳಲ್ಲಿ ಜೂನ್ 1ರಂದು ಹುಟ್ಟಿದವರೇ ಗುಂಪು ಗುಂಪಾಗಿ ಸಿಗುತ್ತಾರೆ. ಹೆಸರು ಹಚ್ಚಲು ಬಂದ ತಂದೆಗೆ ಮಗು ಹುಟ್ಟಿದ ದಿನ ಗೊತ್ತಿಲ್ಲದಿದ್ದಾಗ ಮಾಸ್ತರರು ವಯಸ್ಸು ಅಂದಾಜಿಸಿ ಬರೆದ ತಾರೀಖು ಅದು. ದೇವದಾಸಿ ತಾಯಂದಿರ ಮಕ್ಕಳಿಗೆ ತಂದೆಯ ಹೆಸರಿನ ಕಲಂ ಬಹುಕಾಲ ಮುಜುಗರದ ಜಾಗವಾಗಿತ್ತು. ಊರು ಬಿಡುವಾಗ ವರ್ಗಾವಣೆ ಪತ್ರ ಕೇಳಿದ ಕೂಡಲೇ ಕೊಡಬೇಕು. ಅದು ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ.

ಸಂವಿಧಾನದ 371-ಜೆ ವಿಧಿಯಡಿ ಈ ಭಾಗದವರಿಗೆ ಸಿಗುವ ಮೀಸಲಾತಿಯ ಪ್ರಮಾಣಪತ್ರಕ್ಕೂ ಶಾಲೆಯ ದಾಖಲೆಗಳನ್ನೇ ಪುರಾವೆಯಾಗಿ ಒದಗಿಸುವುದು ರೂಢಿ. ಒಂದನೆಯ ತರಗತಿಯಲ್ಲಿ ಬರೆದ ಹೆಸರು, ಜಾತಿ, ಜನ್ಮದಿನಾಂಕವೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೂ ಹೋಗುತ್ತದೆ. ಆಮೇಲೆ ತಿದ್ದಿಸಲು ಕಚೇರಿ ಕೋರ್ಟು ಅಲೆಯಬೇಕು. ಓದು ಬಾರದ ಪಾಲಕರು ದಾಖಲಾತಿಯ ದಿನ ಸಹಿ ಅಥವಾ ಹೆಬ್ಬೆಟ್ಟು ಒತ್ತುವ ಮೊದಲು, ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳುವುದು ಒಳ್ಳೆಯದು.