ತಾವರೆಯ ಬೀಜವೂ ನಮ್ಮ ಅರಳೂ

ಸಂಜೆಯ ಕಾಫಿಗೆ ಕುರುಕಲು ಏನಾದರೂ ಬೇಕೆಂಬುದು ನಮ್ಮ ಊರುಗಳ ಮನೆಮನೆಯ ಮಾತು. ಈಚೆಗೆ ಶ್ರೀರಂಗಪಟ್ಟಣ, ಪಾಂಡವಪುರಗಳ ಅಂಗಡಿಗಳಿಗೂ ಬೆಳ್ಳಗಿನ, ಹಗುರವಾದ ಒಂದು ಕಾಳು ಬಂದಿದೆ. ಉತ್ತರದವರು ಅದನ್ನು ಮಖಾನ ಎನ್ನುತ್ತಾರೆ. ನಮ್ಮವರು ತಾವರೆ ಬೀಜವೆಂದು ಕೇಳಿ ಕೊಳ್ಳುತ್ತಾರೆ. ನನ್ನ ತರಗತಿಯ ಹುಡುಗನೊಬ್ಬ ಆ ಹೆಸರನ್ನೇ ನಂಬಿ, ತನ್ನೂರ ಕೆರೆಯಿಂದ ಒಣಗಿದ ತಾವರೆಕಾಯಿ ತಂದು, ಬೀಜ ಬಿಡಿಸಿ ಬಾಣಲೆಗೆ ಹಾಕಿದನಂತೆ. "ಮೇಷ್ಟ್ರೆ, ಎಷ್ಟು ಹುರಿದರೂ ಕಲ್ಲಾಗೇ ಉಳಿಯಿತು. ಬಾಣಲೆ ಕರಿದಾಯಿತೆಂದು ನಮ್ಮಜ್ಜಿ ಬೈದರು" ಎಂದ. ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ, ಹುಡುಗ ಪುಸ್ತಕಕ್ಕಿಂತ ದೊಡ್ಡ ಪರೀಕ್ಷೆಯನ್ನೇ ಮಾಡಿದ್ದಾನೆ ಎನಿಸಿತು.

ತಾವರೆಯ ಬೀಜ ಹಸಿಯಾಗಿದ್ದಾಗ ಸುಲಿದು ತಿನ್ನಲು ಸಿಹಿ. ಅದರ ನಡುವಣ ಹಸಿರು ಮೊಳಕೆ ಮಾತ್ರ ಕಹಿ. ಬಲಿತು ಒಣಗಿದರೆ ಕರಿಯ ಚಿಪ್ಪು ಕಲ್ಲಿನಂತಾಗುತ್ತದೆ. ಚೀನಾ ದೇಶದ ಬತ್ತಿದ ಸರೋವರವೊಂದರಲ್ಲಿ ಸುಮಾರು 1,300 ವರ್ಷ ಹೂತಿದ್ದ ತಾವರೆ ಬೀಜವು ಮೊಳೆತುದನ್ನು 1995ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅಂಥ ಚಿಪ್ಪು ಅಜ್ಜಿಯ ಬಾಣಲೆಗೆ ಮಣಿಯದಿದ್ದರೆ ಆಶ್ಚರ್ಯವೇನು?

ಹಾಗಾದರೆ ಅಂಗಡಿಯ ಕಾಳು ಯಾವುದು? ಅದು ಮುಳ್ಳೆಲೆಯ ಬೇರೊಂದು ನೀರುಗಿಡದ ಬೀಜ. ಬಿಹಾರದ ಮಿಥಿಲೆಯ, ಅಂದರೆ ದರ್ಭಂಗಾ, ಮಧುಬನಿ ಕಡೆಯ ಕೊಳಗಳಲ್ಲಿ ಬೆಳೆಯುತ್ತದೆ. ಬೆಸ್ತರು ನೀರಿಗಿಳಿದು ತಳದ ಕೆಸರಿನಿಂದ ಬೀಜವನ್ನು ಬಾಚಿ ತೆಗೆಯುತ್ತಾರೆ. ಅದನ್ನು ಒಣಗಿಸಿ, ಕಾಯಿಸಿ, ಎರಡು ಮೂರು ದಿನ ಹಾಗೆಯೇ ಇಟ್ಟು, ಮತ್ತೆ ಕಾಯಿಸಿ, ಬಿಸಿಯಿರುವಾಗಲೇ ಮರದ ಕೊಡತಿಯಿಂದ ಬಡಿಯುತ್ತಾರೆ. ಚಿಪ್ಪು ಒಡೆದೊಡನೆ ಒಳಗಿನ ತಿರುಳು ಹೂವಿನಂತೆ ಹೊರಗೆ ಅರಳುತ್ತದೆ. 2022ರಲ್ಲಿ 'ಮಿಥಿಲಾ ಮಖಾನ'ಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು.

ಹೆಸರಿನ ಈ ಗೊಂದಲ ಇಂದಿನದಲ್ಲ. ಹದಿನಾರನೆಯ ಶತಮಾನದ ವೈದ್ಯಗ್ರಂಥ 'ಭಾವಪ್ರಕಾಶ'ವು ಮಖಾನಕ್ಕೆ 'ಪದ್ಮಬೀಜಾಭ' ಎಂಬ ಹೆಸರನ್ನೂ ಕೊಡುತ್ತದೆ. ಇಲ್ಲಿ ಕಡೆಯ ಅಕ್ಷರವನ್ನು ಬಿಡಬಾರದು. 'ಆಭ' ಎಂದರೆ ಹೋಲುವಂಥದು, ಅದೇ ಆದುದಲ್ಲ. ಶಾಸ್ತ್ರಕಾರರು ಇಟ್ಟುಹೋದ ಆ ಒಂದಕ್ಷರವನ್ನು ಮಾರಾಟದವರು ಕಳೆದುಬಿಟ್ಟರು!

ಆದರೆ ಕಾಳನ್ನು ಕಾವಿಗೆ ಅರಳಿಸುವ ವಿದ್ಯೆ ನಮಗೆ ಹೊಸದೆ? ಖಂಡಿತ ಇಲ್ಲ. ಹೂವೂ ಅರಳುತ್ತದೆ, ಬತ್ತವೂ ಅರಳುತ್ತದೆ. ಹೊಟ್ಟಿನೊಡನೆ ಹುರಿದು ಬಿರಿಸಿದ ಬತ್ತಕ್ಕೆ ನಮ್ಮ ಹಿರಿಯರು 'ಅರಳು' ಎಂದೇ ಹೆಸರಿಟ್ಟರು. ಮದುವೆಯ ಲಾಜಹೋಮದಲ್ಲಿ ಅಗ್ನಿಗೆ ಬೀಳುವುದು ಅದೇ. ಕುದಿಸಿ ಒಣಗಿಸಿದ ಬತ್ತದ ಅಕ್ಕಿಗೆ ಉಪ್ಪುನೀರು ಹಾಕಿ, ಕಾದ ಮರಳಿನಲ್ಲಿ ಹುರಿದರೆ ಪುರಿ. ಮೇಲುಕೋಟೆಯ ವೈರಮುಡಿಗೆ ಹೋಗಲಿ, ಕೃಷ್ಣರಾಜಪೇಟೆ ಸೀಮೆಯ ಹೇಮಗಿರಿ ಜಾತ್ರೆಗೆ ಹೋಗಲಿ, ಕಡಲೆಪುರಿಯ ಪೊಟ್ಟಣವಿಲ್ಲದೆ ಮನೆಗೆ ಹಿಂದಿರುಗಿದವರುಂಟೆ?

ಈ ಪುರಿಯ ಹಿಂದೆ ನೀರಿನ ಚರಿತ್ರೆಯೇ ಇದೆ. ಶ್ರೀರಂಗಪಟ್ಟಣದ ಸುತ್ತಿನ ಗದ್ದೆಗಳಿಗೆ ರಣಧೀರ ಕಂಠೀರವ ನರಸರಾಜ ಒಡೆಯರ (1638–1659) ಕಾಲದ ಬಂಗಾರದೊಡ್ಡಿ ನಾಲೆಯೂ ಚಿಕ್ಕದೇವರಾಜ ಒಡೆಯರ (1673–1704) ಹೆಸರಿನ ನಾಲೆಯೂ ಕಾವೇರಿಯನ್ನು ತಂದವು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ತೊಡಗಿತು. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಪಾಂಡವಪುರದ ಕಡೆಗೂ ಬತ್ತದ ಹಸಿರನ್ನು ಹರಡಿತು. ಮಳೆಯನ್ನೇ ನಂಬಿದ್ದ ನಾಗಮಂಗಲದ ಹೊಲಗಳಲ್ಲಿ ರಾಗಿಯೇ ರಾಜ. ಅಲ್ಲಿಯ ತಾಯಂದಿರು ರಾಗಿಯನ್ನೇ ಅರಳಿಸಿ, ಬೀಸಿ, ಬೆಲ್ಲ ಕಾಯಿತುರಿ ಬೆರೆಸಿ ಹುರಿಹಿಟ್ಟು ಮಾಡಿದರು. ನೀರಿದ್ದ ಕಡೆ ಬತ್ತ, ಇಲ್ಲದ ಕಡೆ ರಾಗಿ, ಮಿಥಿಲೆಯ ಕೊಳದಲ್ಲಿ ಮಖಾನ: ಕಾಳು ಬೇರೆ, ಕೈಚಳಕ ಒಂದೇ.

ಆದಕಾರಣ ಬಂದ ಅತಿಥಿಯನ್ನು ನಮ್ಮ ಒಗ್ಗರಣೆಯಿಂದಲೇ ಸತ್ಕರಿಸೋಣ. ನಾಲ್ಕು ಬೊಗಸೆ ಮಖಾನವನ್ನು ಒಂದು ಚಮಚ ತುಪ್ಪದಲ್ಲಿ ಸಣ್ಣ ಉರಿಯ ಮೇಲೆ ಎಂಟು ಹತ್ತು ನಿಮಿಷ ಬಾಡಿಸಿ. ಬೆರಳಲ್ಲಿ ಅದುಮಿದರೆ ಪುಡಿಯಾಗಬೇಕು; ಬಾಗಿದರೆ ಇನ್ನೂ ಹುರಿಯಬೇಕು. ಬೇರೆಯಾಗಿ ಎಣ್ಣೆಯಲ್ಲಿ ಸಾಸಿವೆ, ಹುರಿಗಡಲೆ, ಕರಿಬೇವು, ಚಿಟಿಕೆ ಇಂಗು ಅರಿಸಿನ ಹಾಕಿ, ಒಲೆಯಿಂದ ಇಳಿಸಿದ ಮೇಲೆ ಕಾರದ ಪುಡಿ, ಉಪ್ಪು ಸೇರಿಸಿ ಕಾಳಿಗೆ ಬೆರೆಸಿ. ಉರಿಯ ಮೇಲೆ ಹಾಕಿದರೆ ಕಾರ ಸೀದುಹೋದೀತು. ಆರಿದ ಮೇಲೆ ಡಬ್ಬಿಯಲ್ಲಿ ಮುಚ್ಚಿಡಿ. ಮಖಾನ ದುಬಾರಿಯೆನಿಸಿದರೆ ಚಿಂತೆ ಬೇಡ. ಇದೇ ಒಗ್ಗರಣೆಗೆ ಗರಿಗರಿಯಾದ ಪುರಿ ಸಾಕು.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೆ: "ನಿಮ್ಮೂರ ತಾವರೆ ಸುಳ್ಳು ಹೇಳಲಿಲ್ಲವಪ್ಪ, ಹೆಸರು ಹೇಳಿತು." ಅವನು ಉಳಿದ ಬೀಜಗಳನ್ನು ಕೆರೆಗೇ ಹಿಂದಕ್ಕೆ ಎಸೆದನಂತೆ. ಅವು ಅರಳುವ ಜಾಗ ಅದೇ ಅಲ್ಲವೆ?