ಕುದುರೆಗೊಂದು ಕಾನೂನು, ಮೊಬೈಲಿಗೊಂದು ಕಾನೂನು



ನಮ್ಮ ದಂಡಿಗನಹಳ್ಳಿ ಕಡೆ ಹುಡುಗರು ಮೊಬೈಲಲ್ಲಿ ಗೇಮ್ ಆಡ್ತಾ ಕೂತಿದ್ರೆ 'ಹಾಳಾಗೋದ್ರು' ಅಂತ ಬೈಯೋರೇ ಜಾಸ್ತಿ. ನಾನೂ ಬೈತೀನಿ. ಆದರೆ ಬೈಯೋದು ಬೇರೆ, ಲಾಕಪ್ಪಿಗೆ ಹಾಕೋದು ಬೇರೆ.

2021ರ ಅಕ್ಟೋಬರ್ 5ರಂದು ಕರ್ನಾಟಕ ಪೊಲೀಸ್ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಆಡುವ ಆಟ ಕೌಶಲದ್ದಾದರೂ ಜೂಜೇ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಕುದುರೆ ರೇಸಿಗೆ ಮಾತ್ರ ವಿನಾಯಿತಿ! ಜಗಲಿ ಮೇಲೆ ಇಸ್ಪೀಟ್ ಎಲೆ ಹಿಡಿದ ಕೂಲಿಯವನು ಸ್ಟೇಷನ್ನಿಗೆ, ರೇಸ್‌ಕೋರ್ಸಲ್ಲಿ ಬಾಜಿ ಕಟ್ಟಿದ ಸಾಹೇಬರು ಮನೆಗೆ. ಈ ಪಂಕ್ತಿಭೇದ ನಮಗೆ ಹೊಸದೇನಲ್ಲ ಬಿಡಿ.

2022ರ ಫೆಬ್ರವರಿ 14ರಂದು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ರಿತು ರಾಜ್ ಅವಸ್ಥಿ, ನ್ಯಾ. ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಆ ತಿದ್ದುಪಡಿಯ ಮುಖ್ಯ ಕಲಂಗಳನ್ನ ರದ್ದು ಮಾಡ್ತು. ಸಂತೋಷ. ಆದರೆ ಕೋರ್ಟಿಗೆ ಹೋಗಿದ್ದು ಕಂಪನಿಗಳು, ಹಾಗಾಗಿ 19(1)(ಜಿ)ಯ ವ್ಯಾಪಾರದ ಹಕ್ಕೇ ಮುಂದೆ ನಿಂತಿತು.

ಅಮೆರಿಕದಲ್ಲಿ ವಾದ ಬೇರೆ ದಾರಿ ಹಿಡೀತು. ಹಿಂಸೆ ಇರುವ ವಿಡಿಯೊ ಗೇಮನ್ನ 18 ತುಂಬದವರಿಗೆ ಮಾರಬಾರದು ಅಂತ ಕ್ಯಾಲಿಫೋರ್ನಿಯಾ ಕಾನೂನು ಮಾಡಿತ್ತು. 2011ರ ಜೂನ್ 27ರಂದು ಅಲ್ಲಿನ ಸುಪ್ರೀಂ ಕೋರ್ಟು 7-2ರಲ್ಲಿ ಅದನ್ನ ಹೊಡೆದು ಹಾಕ್ತು. ಪುಸ್ತಕ, ನಾಟಕ, ಸಿನಿಮಾದ ಹಾಗೆ ಗೇಮ್ ಕೂಡ ವಿಚಾರ ಹೇಳುತ್ತೆ, ಹಾಗಾಗಿ ಅದೂ ಮಾತೇ ಅಂತ ನ್ಯಾ. ಸ್ಕಾಲಿಯಾ ಬರೆದರು. ಸಿನಿಮಾ ಬರೀ ವ್ಯಾಪಾರ ಅಂತ 1915ರಲ್ಲಿ ಹೇಳಿದ್ದೂ ಅದೇ ಕೋರ್ಟು! ಅದನ್ನ ತಿದ್ದಿಕೊಳ್ಳೋಕೆ 1952ರವರೆಗೆ ಬೇಕಾಯ್ತು.

ಯಾವುದು ಮಾತು, ಯಾರದ್ದು ಮಾತು ಅನ್ನೋದು ನಮಗೆ ಹಳೇ ಜಗಳ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾನೇ ಜಾಸ್ತಿ ಅಂದಿದ್ದಕ್ಕೆ ಊರೂರು ಹೊತ್ತಿ ಉರೀತು, ಮಂತ್ರಿಗಿರಿ ಹೋಯ್ತು. 19(1)(ಎ) ಅವತ್ತೂ ಸಂವಿಧಾನದಲ್ಲಿತ್ತು.

2025ರ ಆಗಸ್ಟಲ್ಲಿ ಕೇಂದ್ರದ ಕಾನೂನೂ ಬಂತು. ಅದರ ನಿಷೇಧ ದುಡ್ಡಿನ ಆಟಕ್ಕೆ. ನನ್ನ ಚಿಂತೆ ದುಡ್ಡಿಲ್ಲದ ಆಟದ್ದು. ಪಕ್ಕದ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದೇವಸ್ಥಾನದೊಳಗೆ ಹೋದ ನಮ್ಮ ಹೆಣ್ಣುಮಕ್ಕಳಿಗೆ ದಂಡ ಹಾಕಿದ್ರಲ್ಲ, ನಾಳೆ ನಮ್ಮ ಕೇರಿಯ ಹುಡುಗಿಯೊಬ್ಬಳು ಅದನ್ನೇ ಗೇಮ್ ಮಾಡಿದಳು ಅಂತಿಟ್ಕೊಳ್ಳಿ. ಆಡೋರು ಆ ಹೊಸಿಲು ದಾಟಬೇಕು. 'ಭಾವನೆಗೆ ಧಕ್ಕೆ' ಅಂತ ಯಾರಾದ್ರೂ ದೂರು ಕೊಟ್ಟೇ ಕೊಡ್ತಾರೆ. ಅವಳ ಹತ್ತಿರ ಕಂಪನಿನೂ ಇರಲ್ಲ, ವ್ಯಾಪಾರನೂ ಇರಲ್ಲ. 19(1)(ಎ) ಒಂದೇ. ನಮ್ಮ ವಕೀಲ ಮಿತ್ರರು ಆ ಕೇಸಿಗೆ ಈಗಲೇ ಓದಿಕೊಳ್ಳಲಿ.